ಎಲಿಯಾನ ಎಡಗೈಗೆ ಸಿಕ್ಕ ಮಿಕ್ಸರ್

ನಾನೊಂದು ಮಿಕ್ಸರ್. ಚಟ್ನಿ ಅರೆಯುವುದಲ್ಲ, ಬೇಕರಿಯಲ್ಲಿ ಪೊಟ್ಟಣ ಕಟ್ಟಿ ಕೊಡುವುದೂ ಅಲ್ಲ. ನನ್ನ ಹೆಸರು ಕೇಳಿದೊಡನೆ ಜನರಿಗೆ ಆ ಎರಡೇ ನೆನಪಾಗುತ್ತವೆ. ಜನರ ಬಗ್ಗೆ ನನಗೆ ಗೌರವ ಕಡಿಮೆಯಾದದ್ದು ಅಲ್ಲಿಂದಲೇ.

ಮೈಸೂರಿನ ಒಂದು ಗ್ಯಾರೇಜಿನಲ್ಲಿ ಪುಟ್ಟಮಾದು ಎಂಬವನು ನನ್ನನ್ನು ಬೆಸುಗೆ ಹಾಕಿ ಹುಟ್ಟಿಸಿದ. ಅಂಗೈ ಅಗಲದ ತಗಡು, ಅದರಲ್ಲಿ ತಿರುಗಿಸಲು ನಾಲ್ಕು ನಾಬ್, ವೈರು ಚುಚ್ಚಲು ನಾಲ್ಕು ತೂತು, ಹೊರಗೆ ಹೋಗಲು ಒಂದೇ ತೂತು. ನಾಲ್ಕು ಕಡೆಯಿಂದ ಬಂದದ್ದನ್ನು ಕೂಡಿಸಿ ಒಂದು ಮಾಡಿ ಕಳಿಸುವುದು ನನ್ನ ಕೆಲಸ. ಯಾವುದು ಎಷ್ಟು ಸೇರಬೇಕೆಂದು ನಾಬ್ ಹೇಳುತ್ತದೆ. ಮೂರನೆಯ ನಾಬನ್ನು ಸೊಟ್ಟ ಕೂರಿಸಿದ ಪುಟ್ಟಮಾದು, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ, ಯಾರೂ ನೋಡುವುದಿಲ್ಲ ಬಿಡು ಎಂದ. ಅವನು ಹೇಳಿದ್ದು ನಿಜವಾಯಿತು.

ಬೆಂಗಳೂರಿನ ನಕುಲ್ ನನ್ನನ್ನು ಕೊಂಡು, ನನ್ನಂಥ ಹತ್ತಾರು ತಗಡುಗಳಿದ್ದ ಒಂದು ಪೆಟ್ಟಿಗೆಗೆ ತಿರುಪು ಹಾಕಿ ಬಿಗಿದ. ಆ ಪೆಟ್ಟಿಗೆಯೆಲ್ಲ ಸೇರಿ ಒಂದೇ ವಾದ್ಯ. ಒಂದು ತಗಡು ದನಿ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಏರಿಸಿ ಇಳಿಸುತ್ತದೆ, ಎಲ್ಲವನ್ನೂ ವೈರುಗಳೇ ಜೋಡಿಸಬೇಕು. ನಕುಲ್ ಪಕ್ಕದಲ್ಲಿ ಒಂದು ಹೂಕುಂಡ ಇಟ್ಟು, ನೀಲಿ ದೀಪ ಹಚ್ಚಿ, ವಿಡಿಯೊ ತೆಗೆದ. ನನ್ನ ನಾಲ್ಕೂ ತೂತಿಗೆ ನಾಲ್ಕು ದನಿ ಚುಚ್ಚಿ ನಾಲ್ಕೂ ನಾಬ್ ಪೂರ್ತಿ ತಿರುಗಿಸಿದ. ಲಾರಿ ಹಿಂದಕ್ಕೆ ಹೋಗುವಂಥ ಸದ್ದು ಬಂತು. ಅದಕ್ಕೆ ಅವನು ‘ಬ್ರಹ್ಮಾಂಡದ ಉಸಿರು’ ಎಂದು ಹೆಸರಿಟ್ಟ. ನೋಡಿದವರು ಹೃದಯದ ಚಿತ್ರ ಒತ್ತಿದರು. ಹೂಕುಂಡ ಒಣಗಿದ ಮೇಲೆ ಅವನಿಗೆ ನಾವೂ ಬೇಡವಾದೆವು.

ಪೆಟ್ಟಿಗೆಯನ್ನು ಕೊಂಡವಳು ಗದಗಿನ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಶೀಬಾ. ಅವಳು ಕೊಂಡದ್ದು ತನಗಲ್ಲ, ತಂದೆ ಎಲಿಯಾನಿಗೆ. ಬೆಟಗೇರಿಯ ಅವರ ಮನೆ ತಲುಪಿದ ದಿನ ಅವಳ ತಾಯಿ ಸುಗಂಧಿನಿ, ಮಿಕ್ಸರ್ ಯಾವುದು ಎಂದು ಕೇಳಿ ನನ್ನನ್ನು ನೋಡಿ, ಜಾರು ಎಲ್ಲಿ ಎಂದು ಕೇಳಿದಳು.

ಎಲಿಯಾನ ಪರಿಚಯ ಹೇಳಬೇಕು. ಬೆಳಿಗ್ಗೆ ಚರ್ಚಿನಲ್ಲಿ ಕೀಬೋರ್ಡು, ಸಂಜೆ ಮದುವೆಗಳಲ್ಲಿ ಆರ್ಕೆಸ್ಟ್ರಾ, ಇದರಲ್ಲೇ ಅವನ ಆಯಸ್ಸು ಕಳೆದಿತ್ತು. ಸಿನಿಮಾ ಹಾಡನ್ನು ಕ್ಯಾಸೆಟ್ಟಿನಲ್ಲಿದ್ದಂತೆಯೇ, ಒಂದು ಸ್ವರವೂ ಬಿಡದೆ ನುಡಿಸುತ್ತಿದ್ದನಂತೆ. ತನ್ನದೆಂದು ಒಂದು ಸಾಲು ಕಟ್ಟಿರಲಿಲ್ಲ, ಕಟ್ಟಬೇಕೆಂದು ಅನಿಸಿಯೂ ಇರಲಿಲ್ಲ. ನಕಲು ಮಾಡುವುದರಲ್ಲಿ ಇಷ್ಟು ಹೆಮ್ಮೆಪಟ್ಟ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಆಮೇಲೆ ಲಕ್ವಾ ಹೊಡೆದು ಬಲಗೈ ಸತ್ತಿತು. ಕೀಬೋರ್ಡಿಗೆ ಬಟ್ಟೆ ಹೊದಿಸಿ, ಅದರ ಎದುರೇ ಕುರ್ಚಿ ಹಾಕಿಕೊಂಡು ಅವನು ದಿನವಿಡೀ ಕೂರುತ್ತಿದ್ದ.

ನನ್ನನ್ನು ಕಂಡು ಅವನು ಮೂಗು ಮುರಿದ.

“ಇದಕ್ಕ ಒತ್ತೋ ಮನಿ ಇಲ್ಲ, ಗಾಳಿ ಊದೋ ತಿದಿ ಇಲ್ಲ. ಟೆಲಿಫೋನ್ ಎಕ್ಸ್‌ಚೇಂಜ್ ತಂದೀಯೇನವಾ?”

ಒಂದು ಕೈಯಲ್ಲೂ ನುಡಿಸಬಹುದು ಎಂದು ಶೀಬಾ ತಿಳಿಸಿ ಹೇಳಿದಳು. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅವನು ನನ್ನನ್ನು ತಿರಸ್ಕರಿಸಿದ, ನಾನು ಅವನನ್ನು. ಮಳೆಗಾಲ ಮುಗಿಯುವವರೆಗೆ ನಮ್ಮ ಸಂಬಂಧ ಹೀಗೇ ಸುಸೂತ್ರವಾಗಿ ನಡೆಯಿತು.

ಅದನ್ನು ಕೆಡಿಸಿದವನು ಜಯಶೀಲ ಮಾಸ್ತರ, ಚರ್ಚಿನ ಹಿರಿಯ. ಒಂದು ಮಧ್ಯಾಹ್ನ ಬಂದು ಎರಡು ಕಪ್ ಚಹಾ ಕುಡಿದು, ಸುಗ್ಗಿ ಹಬ್ಬದ ದಿನ ಎಲಿಯಾನಿಗೆ ಸನ್ಮಾನ ಇಟ್ಟುಕೊಂಡಿದ್ದೇವೆ ಎಂದ. ಶಾಲು, ಹಾರ, ಹಣ್ಣಿನ ಬುಟ್ಟಿ. ಚರ್ಚಿನ ಕೀಬೋರ್ಡಿನಲ್ಲಿ ಎಲಿಯಾನ ಜಾಗಕ್ಕೆ ಸ್ಟ್ಯಾನ್ಲಿ ಬಂದಾಗಿತ್ತು. ಸ್ಟ್ಯಾನ್ಲಿ ಒಂದು ಗುಂಡಿ ಒತ್ತಿದರೆ ತಾಳ, ಇನ್ನೊಂದು ಒತ್ತಿದರೆ ಪಿಟೀಲು, ಎಲ್ಲವೂ ತಾನಾಗಿ ಬರುತ್ತಿತ್ತು. ಅಂದು ತಾನೂ ಏನಾದರೂ ನುಡಿಸಲೇ ಎಂದು ಎಲಿಯಾ ಕೇಳಿದ.

ಮಾಸ್ತರ ನಕ್ಕ. “ನೀವು ಆರಾಮ ಕುರ್ಚಿ ಮ್ಯಾಲೆ ಕುಂತ್ರ ಸಾಕ್ರಿ. ನಿಮ್ಮ ಸೇವಾ ಮುಗೀತಲ್ಲ.”

ಅವನು ಹೋದ ಮೇಲೆ ಎಲಿಯಾ ಮಗಳನ್ನು ಕರೆದು, ಆ ಪೆಟ್ಟಿಗೆಯನ್ನು ಇತ್ತ ಸರಿಸು ಎಂದ.

ಈ ವಾದ್ಯದಲ್ಲಿ ಸ್ವರವೆಂದರೆ ವೋಲ್ಟೇಜು. ಹೆಚ್ಚಿದರೆ ದನಿ ಏರುತ್ತದೆ, ತಗ್ಗಿದರೆ ಇಳಿಯುತ್ತದೆ. ಹಾಗಾಗಿ ದನಿಗಳನ್ನಷ್ಟೇ ಅಲ್ಲ, ಏರಿಳಿತಗಳನ್ನೂ ನನ್ನೊಳಗೆ ಕೂಡಿಸಬಹುದು. ನಕುಲನಿಗೆ ಇದು ತಿಳಿದಿರಲಿಲ್ಲ, ಶೀಬಾಗೆ ತಿಳಿದಿತ್ತು. ಎಂಟು ಸ್ವರಗಳನ್ನು ಸುತ್ತಿ ಸುತ್ತಿ ಕಳಿಸುವ ಒಂದು ತಗಡನ್ನು ನನ್ನ ಮೊದಲ ತೂತಿಗೆ ಜೋಡಿಸಿದಳು. ಮೂರೇ ಮೆಟ್ಟಿಲು ನಿಧಾನ ಹತ್ತುವ ಇನ್ನೊಂದನ್ನು ಎರಡನೆಯದಕ್ಕೆ ಜೋಡಿಸಿದಳು. ಕೂಡಿ ಹೊರಬಂದದ್ದು ದನಿ ಹುಟ್ಟಿಸುವ ತಗಡಿಗೆ ಹೋಯಿತು.

ಎಲಿಯಾ ಎಡಗೈ ಚಾಚಿ ಎರಡೂ ನಾಬ್ ಪೂರ್ತಿ ತಿರುಗಿಸಿದ. ಹೆದರಿದ ಕೋಳಿಯ ಹಾಗೆ ಸ್ವರಗಳು ಚೆಲ್ಲಾಪಿಲ್ಲಿಯಾದವು. ಇವನೂ ನಕುಲನ ತಮ್ಮನೇ ಎಂದುಕೊಂಡೆ. ಒಳಗಿನಿಂದ ಸುಗಂಧಿನಿ, ಗಿರಣಿ ಚಾಲೂ ಆಯಿತೇ ಎಂದು ಕೇಳಿದಳು. ಅವನು ಎರಡನ್ನೂ ನಡುವಿಗೆ ತಂದು ಮುಚ್ಚಿ, ಮೊದಲನೆಯದನ್ನು ಮಾತ್ರ ತೆರೆದ. ಎಂಟು ಸ್ವರ, ಗಾಣದ ಎತ್ತಿನಂತೆ ಅದೇ ಸುತ್ತು. ಆಮೇಲೆ ಎರಡನೆಯದನ್ನು ಕೂದಲೆಳೆಯಷ್ಟು ತೆರೆದ.

ಎಂಟರ ಸುತ್ತು ಮತ್ತೆ ಬಂದಾಗ ಒಂದು ಮೆಟ್ಟಿಲು ಮೇಲೆ ಕೂತಿತ್ತು. ಮೂರನೆಯ ಸಲ ಇನ್ನೊಂದು ಮೇಲೆ. ಅದೇ ಸಾಲು, ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳುತ್ತ ದನಿ ಏರಿಸಿದಂತಿತ್ತು. ಎಲಿಯಾ ಕತ್ತು ಓರೆ ಮಾಡಿದ. ಎರಡನೆಯ ನಾಬನ್ನು ನಡುವಿನಿಂದ ಎಡಕ್ಕೆ ದಾಟಿಸಿದ. ನನ್ನಲ್ಲಿ ಎಡಕ್ಕೆ ಹೋದರೆ ಬಂದದ್ದು ತಲೆಕೆಳಗಾಗುತ್ತದೆ. ಏರಬೇಕಿದ್ದ ಸಾಲು ಪ್ರತಿ ಸುತ್ತಿಗೂ ಇಳಿಯತೊಡಗಿತು. ಕೇಳುತ್ತಿದ್ದವನು ಉತ್ತರ ಸಿಗದೆ ದನಿ ತಗ್ಗಿಸಿದಂತೆ.

“ಇದು ಯಾವ ಹಾಡಿಂದು?” ಎಂದು ಕೇಳಿದ.

“ಯಾವುದರದ್ದೂ ಅಲ್ಲ ಪಪ್ಪಾ. ನಿಂದು.”

ಅವನಿಗೆ ಸಿಟ್ಟು ಬಂದ ಹಾಗೆ ಕಂಡಿತು. ಅಷ್ಟು ವರ್ಷ ಬೆರಳಲ್ಲಿದೆ ಎಂದುಕೊಂಡ ಸಂಗೀತ ಬೆರಳಲ್ಲಿರಲಿಲ್ಲ. ಯಾವುದು ಎಷ್ಟು ಸೇರಬೇಕು ಎಂಬ ತೀರ್ಮಾನದಲ್ಲಿತ್ತು, ಆ ತೀರ್ಮಾನವನ್ನು ಅವನು ಆಯಸ್ಸಿಡೀ ಬೇರೆಯವರಿಗೆ ಬಿಟ್ಟುಕೊಟ್ಟಿದ್ದ. ಅಂದಿನಿಂದ ದಿನವೂ ಕೂತ. ಸಾಲು ಎಲ್ಲಿ ಬಾಗಬೇಕು, ಎಲ್ಲಿ ತಡೆಯಬೇಕು ಎಂದು ನನ್ನನ್ನು ಒಂದಿಷ್ಟು ಹಿಂದೆ, ಒಂದಿಷ್ಟು ಮುಂದೆ ತಿರುಗಿಸಿದ. ಸಿಹಿ ಹೆಚ್ಚಾದರೆ ತಾನೇ ಛೀ ಎನ್ನುತ್ತಿದ್ದ. ನನ್ನ ತಿರಸ್ಕಾರಕ್ಕೆ ಇದರಿಂದ ಬಹಳ ತೊಂದರೆಯಾಯಿತು.

ಹಬ್ಬದ ದಿನ ಶೀಬಾ ಯಾರನ್ನೂ ಕೇಳದೆ ಪೆಟ್ಟಿಗೆಯನ್ನು ವೇದಿಕೆಗೆ ತಂದಿಟ್ಟಳು. ಭಾಷಣಗಳಾದವು. ಬದುಕಿರುವವನ ಬಗ್ಗೆ ಎಲ್ಲರೂ ‘ನುಡಿಸುತ್ತಿದ್ದರು’ ಎಂದೇ ಮಾತಾಡಿದರು. ಎಲಿಯಾ ಎಡಗೈ ಚಾಚಿ ಮೊದಲ ನಾಬ್, ಆಮೇಲೆ ಎರಡನೆಯದು ತೆರೆದ. ಸಾಲು ಶುರುವಾಯಿತು, ಏರಿತು. ಸ್ಟ್ಯಾನ್ಲಿ ಹೆದರಿ ತನ್ನ ಕೀಬೋರ್ಡು ಮುಟ್ಟಿ ನೋಡಿಕೊಂಡ. ಇನ್ನೇನು ಇಳಿಯುವ ಸಾಲು ಬರಬೇಕು, ಆಗ ಮಾಸ್ತರ ಇದು ಮೈಕಿನ ತಪ್ಪೆಂದು ತಿಳಿದೋ, ಊಟ ತಡವಾಗುತ್ತದೆಂದೋ, ಶಾಲು ಬಿಡಿಸಿ ಅವನಿಗೆ ಹೊದಿಸಿಬಿಟ್ಟ. ಶಾಲಿನ ಅಂಚು ನನ್ನ ಮೇಲೂ ಬಿತ್ತು. ಚಪ್ಪಾಳೆ ಹೊಡೆದರು. ನಾನು ಕತ್ತಲಲ್ಲಿ ಎಂಟು ಸ್ವರ ಸುತ್ತುತ್ತಲೇ ಇದ್ದೆ.

ಎಲಿಯಾ ಭುಜ ಕೊಡವಿದ. ಶಾಲು ನೆಲಕ್ಕೆ ಬಿತ್ತು.

“ಇನ್ನೂ ಮುಗದಿಲ್ಲ, ಮಾಸ್ತರ. ಕೂಡ್ರಿ,” ಎಂದ.

ಮಾಸ್ತರ ಕೂತ. ಎಲಿಯಾ ನನ್ನನ್ನು ಎಡಕ್ಕೆ ದಾಟಿಸಿದ, ಸಾಲು ಇಳಿಯಿತು, ಅವನಿಗೆ ಬೇಕಾದಷ್ಟು ಹೊತ್ತು ಇಳಿಯಿತು.

ಮೆಚ್ಚಿದರೆಂದು ಹೇಳಲಾರೆ. ಅರ್ಧ ಜನ ರೆಕಾರ್ಡು ಎಂದುಕೊಂಡರು, ಉಳಿದವರು ಊಟದ ಸಾಲಿಗೆ ಎದ್ದರು. ಚರ್ಚಿಗೆ ಮತ್ತೆ ಅವನನ್ನು ಕರೆಯಲಿಲ್ಲ. ಆದರೆ ಆಟೊದಲ್ಲಿ ಮನೆಗೆ ಬರುವಾಗ ಸುಗಂಧಿನಿ ಹೊರಗೆ ನೋಡುತ್ತ ಏನೋ ಗುನುಗಿದಳು. ಅದೇ ಸಾಲು. ಎರಡನೆಯ ಸುತ್ತಿನಲ್ಲಿ ತಪ್ಪಿದಳು. ಎಲಿಯಾ ಅಲ್ಲೇ ತಿದ್ದಿದ. ತಾನು ಹಾಡಿದ್ದೇ ಚೆನ್ನಾಗಿದೆ ಎಂದು ಅವಳು ಹಟ ಹಿಡಿದಳು. ಮನೆ ಮುಟ್ಟುವವರೆಗೂ ಇಬ್ಬರೂ ಜಗಳವಾಡಿದರು. ಮರುದಿನ ಬೆಳಿಗ್ಗೆ ಅವನು ನನ್ನನ್ನು ಅವಳ ತಪ್ಪಿನಂತೆ ತಿರುಗಿಸಿ ನೋಡಿದ, ಹಾಗೇ ಇಟ್ಟುಕೊಂಡ.

ಅವನು ಕೆಲವು ವರ್ಷ ಹೊಸ ಸಾಲುಗಳನ್ನು ಕಟ್ಟಿದ, ಆಮೇಲೆ ತೀರಿಕೊಂಡ. ಶೀಬಾ ನನ್ನನ್ನು ಪಾಲಿಟೆಕ್ನಿಕ್ಕಿನ ಲ್ಯಾಬಿಗೆ ಕೊಟ್ಟಳು. ಈಗ ನನಗೆ ಮುಪ್ಪು, ನಾಬ್ ತಿರುಗಿದರೆ ಕರಕರ ಎನ್ನುತ್ತದೆ. ವಿದ್ಯಾರ್ಥಿಗಳು ಒಂದು ತೂತಿಗೆ ಎರಡು ವೋಲ್ಟು, ಇನ್ನೊಂದಕ್ಕೆ ಮೂರು ಕೊಟ್ಟು, ಮೀಟರಿನಲ್ಲಿ ಐದು ಬಂತೆಂದು ಖುಷಿಯಿಂದ ಸ್ವಿಚ್ ಆರಿಸಿ ಹೋಗುತ್ತಾರೆ. ಐದು ಸರಿಯಾದ ಉತ್ತರವೇ, ಯಾವುದು ಎಷ್ಟು ಸೇರಬೇಕೆಂದು ಮಾತ್ರ ಯಾರೂ ಕೇಳುವುದಿಲ್ಲ. ಬಹಳ ಜನರನ್ನು ಕಂಡು ತಾತ್ಸಾರ ಮಾಡಿದ್ದೇನೆ, ಆದರೆ ಸರಿಯಾದ ಉತ್ತರವನ್ನು ಮಾಡಿದಷ್ಟು ಯಾರನ್ನೂ ಮಾಡಿಲ್ಲ.