ಟೀಚರಮ್ಮನ ಪೆನ್ನು

ಒಂದು ಕಾಲದಲ್ಲಿ ನಾನು ಕೆಮ್ಮಿದರೆ ಸಾಕು, ಮೂರು ಕಂಪನಿಗಳ ಅಧ್ಯಕ್ಷರು ರಾಜೀನಾಮೆ ಬರೆದುಕೊಡುತ್ತಿದ್ದರು. ನಾಲ್ಕನೆಯವರಿಗೆ ಕಿವಿ ಮಂದ, ಹಾಗಾಗಿ ಉಳಿದುಕೊಂಡರು.

ನಮ್ಮದು ಫ್ಯಾನು ತಯಾರಿಸುವ ಕಂಪನಿ. ಆಡಳಿತ ಮಂಡಳಿಯ ಸಭೆಯ ನಡಾವಳಿ ಬರೆಯುತ್ತಿದ್ದವನು ನಾನು. ನನ್ನ ಅಕ್ಷರ ನೋಡಿದ ಮೇಲೆ ಊರಿನ ಮುದ್ರಣಾಲಯದವರು ನಾಚಿಕೊಂಡು ತಮ್ಮ ಯಂತ್ರವನ್ನೇ ಗುಜರಿಗೆ ಹಾಕಿದರು. ಅಧ್ಯಕ್ಷರನ್ನು ಎಲ್ಲರೂ ದೊಡ್ಡವರು ಅನ್ನುತ್ತಿದ್ದರು. ಸಭೆಯ ಕೋಣೆಯಲ್ಲಿ ಆರು ಫ್ಯಾನು, ಆರೂ ಅವರ ಕುರ್ಚಿಯ ಮೇಲೇ. ನಡಾವಳಿಯನ್ನು ಸಭೆಯ ಹಿಂದಿನ ದಿನವೇ ಬರೆದಿಡಬೇಕು ಎಂಬುದು ಅವರ ಪದ್ಧತಿ. ಸಭೆ ಮುಗಿದ ಸಮಯ ತುಂಬಲು ಮಾತ್ರ ಜಾಗ ಬಿಡುತ್ತಿದ್ದೆ.

ಅಲ್ಲಿ ಬಾಯಿ ಬಿಡುತ್ತಿದ್ದವರು ಟೀಚರಮ್ಮ ಒಬ್ಬರೇ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಸಣ್ಣ ಷೇರುದಾರರು ಆರಿಸಿ ಕಳಿಸಿದ ನಿರ್ದೇಶಕಿ. ಪ್ರತಿ ನಿರ್ಣಯಕ್ಕೂ "ಇದು ಯಾರಿಗೋಸ್ಕರ?" ಎಂದು ಕೇಳುತ್ತಿದ್ದರು. ಆಮೇಲೆ ಗಂಟಲು ಸರಿಮಾಡಿಕೊಂಡು ನನ್ನತ್ತ ತಿರುಗಿ, "ಬರೆಯೋರು ನೀವು. ನಿಮಗೇನನ್ನಿಸುತ್ತೆ?" ಮೂವತ್ತು ವರ್ಷದ ನೌಕರಿಯಲ್ಲಿ ಹಾಗೆ ಕೇಳಿದವರು ಇನ್ನೊಬ್ಬರಿಲ್ಲ. ಈಗಲೂ ಹಿಂದಿನಿಂದ ಯಾರಾದರೂ ಗಂಟಲು ಸರಿಮಾಡಿಕೊಂಡರೆ ಅವರೇ ಬಂದರೇನೋ ಎಂದು ತಿರುಗಿ ನೋಡುತ್ತೇನೆ.

ಇನ್ನೂ ಹತ್ತು ವರ್ಷ ತಾವೇ ಅಧ್ಯಕ್ಷರು ಎಂಬ ನಿರ್ಣಯವನ್ನು ದೊಡ್ಡವರು ತಂದ ದಿನ ಟೀಚರಮ್ಮ ನನ್ನನ್ನೇ ನೋಡಿ ಹೇಳಿದರು: "ನಾನು ಒಪ್ಪಲ್ಲ. ಅಷ್ಟು ಬರ್ಕೊಳ್ಳಿ, ಸಾಕು."

ಮುಂದಿನದನ್ನು ಕಳೆದ ಭಾನುವಾರ ಸೊಸೆಗೆ ಹೇಳುತ್ತಿದ್ದೆ. "ಎದ್ದು ನಿಂತೆ ನೋಡಮ್ಮ, ಆರೂ ಫ್ಯಾನು ಗಪ್ಪಂತ ನಿಂತವು. 'ಬರೆದೇ ಬರೀತೀನಿ' ಅಂದೆ. ದೊಡ್ಡವರು ನಡುಗಿ ನೀರು ಕೇಳಿದರು."

"ನೀರು ಕೊಟ್ಟೋನು ನಾನೇ," ಅಂದರು ನಮ್ಮ ಕಂಪನಿಯ ಹಳೆಯ ಅಟೆಂಡರಣ್ಣ. ನನ್ನನ್ನು ನೋಡಿಕೊಂಡು ಹೋಗಲು ಬಂದು ಬಾಗಿಲ ಬಳಿ ಕೂತಿದ್ದರು. "ನೀವು ಎಲ್ಲಿ ಎದ್ರಿ ಸಾರ್? ಮೇಜಿನ ಕೆಳಗಿದ್ರಿ."

"ಯಾಕೆ ಮಾವ, ಭೂಕಂಪ ಏನಾದ್ರೂ ಆಗಿತ್ತಾ?" ಸೊಸೆ ನಗು ತಡೆದುಕೊಂಡಳು.

"ಪೆನ್ನು ಬಿತ್ತಮ್ಮ."

"ಬಿತ್ತೋ, ಬೀಳಿಸಿದ್ರೋ?" ಅಟೆಂಡರಣ್ಣ ಮೆಲ್ಲಗೆ ಕೇಳಿದರು.

ಬೀಳಿಸಿದೆ. ಉಳಿದವರೆಲ್ಲ ಕೈ ಎತ್ತಿ ಇಳಿಸುವವರೆಗೂ ಹುಡುಕುತ್ತಲೇ ಇದ್ದೆ. ಪೆನ್ನು ನನ್ನ ಚಪ್ಪಲಿಯಡಿಯಲ್ಲೇ ಇತ್ತು. ಹಿಂದಿನ ದಿನ ಬರೆದಿದ್ದ 'ಸರ್ವಾನುಮತದಿಂದ' ಎಂಬ ಮಾತು ಹಾಗೇ ಉಳಿಯಿತು, ಆ ಚೆಂದದ ಅಕ್ಷರದಲ್ಲಿ. ಟೀಚರಮ್ಮ ಅದನ್ನು ಓದಿದರು. ತಮ್ಮ ಪೆನ್ನನ್ನು ನನ್ನ ಮುಂದಿಟ್ಟು, "ಇದನ್ನ ಬೀಳಿಸಬೇಡಿ" ಎಂದು ಹೊರಟರು. ಮರುವಾರ ಬಿಟ್ಟೇ ಹೋದರು. ನನ್ನಿಂದಾಗಿ ಯಾರಾದರೂ ರಾಜೀನಾಮೆ ಕೊಟ್ಟಿದ್ದರೆ ಅವರೊಬ್ಬರೇ.

ಇಷ್ಟು ವರ್ಷ ಜೇಬಿನಲ್ಲಿಟ್ಟುಕೊಂಡು ಓಡಾಡಿದ ಆ ಪೆನ್ನಿಗೆ ಇವತ್ತು ಶಾಯಿ ತುಂಬಿಸಿ ಬರೆಯುತ್ತಿದ್ದೇನೆ: ಟೀಚರಮ್ಮ ಒಪ್ಪಲಿಲ್ಲ. ನನಗೇನನ್ನಿಸಿತು ಎಂದು ಆ ದಿನ ಅವರು ಕೇಳಲಿಲ್ಲ. ಕೇಳಿದ್ದರೆ ಉತ್ತರ ಇದು: ನನಗೂ ಬೇಡ ಅನ್ನಿಸಿತ್ತು.