ಮಾವ ತೂಗಿದ ಸ್ಪ್ರಿಂಗು

ಮಾವ ಅಳೆದು ತೂಗಿ ಮಾತಾಡುವವರು ಎಂದು ಆ ಮನೆಯಲ್ಲಿ ಯಾರಾದರೂ ಹೇಳಿದರೆ ಅದು ಸುಮ್ಮನೆ ಹೇಳಿದ ಮಾತಲ್ಲ. ನಲವತ್ತು ವರ್ಷ ಅವರು ಮಾಡಿದ್ದೇ ತೂಕದ ಯಂತ್ರಗಳ ರಿಪೇರಿ. ಅಂಗಡಿಯ ತಕ್ಕಡಿ, ಗೋದಾಮಿನ ದೊಡ್ಡ ಯಂತ್ರ, ಆಸ್ಪತ್ರೆಯಲ್ಲಿ ಹಸುಗೂಸನ್ನು ಮಲಗಿಸಿ ತೂಗುವ ತಟ್ಟೆ, ಎಲ್ಲದರ ಹೊಟ್ಟೆ ಬಿಚ್ಚಿ, ಸ್ಪ್ರಿಂಗು ಬದಲಿಸಿ, ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಿದವರು. ಒಮ್ಮೆ ಯಾರೋ ಅಂಗಡಿಯವನು, ಕಿಲೋಗೆ ಇಪ್ಪತ್ತು ಗ್ರಾಂ ಹೆಚ್ಚು ತೋರಿಸುವ ಹಾಗೆ ಸ್ವಲ್ಪ ಕೈಯಾಡಿಸಿಕೊಡಿ ಎಂದನಂತೆ. ಮಾವ ಬಿಚ್ಚಿದ ಯಂತ್ರವನ್ನು ಬಿಚ್ಚಿದ ಹಾಗೇ ಅವನ ಮುಂದಿಟ್ಟು, ತಿರುಪುಗಳನ್ನೆಲ್ಲ ಒಂದು ಲೋಟಕ್ಕೆ ಹಾಕಿ ಪಕ್ಕದಲ್ಲಿಟ್ಟು, ಎದ್ದು ಬಂದರಂತೆ.

ಅಂಥ ಮನುಷ್ಯ ಒಂದು ಸುಳ್ಳು ಹೇಳಿದರು. ಹೇಳಿದ್ದು ಸೊಸೆಗೆ, ಅದೂ ಅವಳ ಕಾರಿನ ವಿಷಯದಲ್ಲಿ.

ಸೊಸೆ ಕನ್ನಡಕದ ಕಾರ್ಖಾನೆಯಲ್ಲಿ ಗಾಜು ಉಜ್ಜುವವಳು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ಆರು ವರ್ಷದ ಹಿಂದೆ ತನ್ನ ಸಂಬಳದಲ್ಲೇ ಒಂದು ಹಳೆಯ ಸಣ್ಣ ಕಾರು ಕೊಂಡಿದ್ದಳು. ಮನೆಯಿಂದ ಕಾರ್ಖಾನೆಗೆ ಇಪ್ಪತ್ತೆರಡು ಕಿಲೋಮೀಟರ್. ಅದರಲ್ಲಿ ಒಂಬತ್ತು ಕಿಲೋಮೀಟರ್ ಕಾಲುವೆಯ ಪಕ್ಕದ ರಸ್ತೆ, ತಿರುವಿನ ಮೇಲೆ ತಿರುವು. ಕಾರು ಪ್ರತಿ ತಿರುವಿನಲ್ಲೂ ದೋಣಿಯ ಹಾಗೆ ಒಂದು ಕಡೆಗೆ ವಾಲಿ, ಆಮೇಲೆ ನೆನಪಾದಂತೆ ನೆಟ್ಟಗಾಗುತ್ತಿತ್ತು. ಚಕ್ರಕ್ಕೂ ಮೇಲಿನ ಮಡ್‌ಗಾರ್ಡಿಗೂ ನಡುವೆ ಒಂದು ಬೆಕ್ಕು ಮಲಗುವಷ್ಟು ಜಾಗ. ಅದನ್ನು ನೋಡಿದಾಗಲೆಲ್ಲ ಅವಳಿಗೆ ಮೋಟು ಪೈಜಾಮ ತೊಟ್ಟವರನ್ನು ಕಂಡ ಹಾಗೆ ಆಗುತ್ತಿತ್ತು.

"ಗಿಡ್ಡ ಸ್ಪ್ರಿಂಗು ಹಾಕಿಸಿ ಕಾರನ್ನ ಸ್ವಲ್ಪ ಕೆಳಗಿಳಿಸೋಣ ಅಂತಿದ್ದೀನಿ," ಎಂದು ಗಂಡನಿಗೆ ಹೇಳಿದಳು.

ಗಂಡ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಊಟದ ತಟ್ಟೆಯಿಂದ ತಲೆ ಎತ್ತಿ, "ಎಲ್ಲರೂ ಎತ್ತರದ ಗಾಡಿ ಬೇಕು ಅಂತಾರೆ. ನೀನು ಇರೋ ಎತ್ತರಾನೂ ಕಳ್ಕೊಳ್ತೀನಿ ಅಂತೀಯಲ್ಲೇ," ಎಂದ.

"ತಿರುವಲ್ಲಿ ವಾಲಲ್ಲ ರೀ. ನೆಲ ಹಿಡ್ಕೊಂಡು ಹೋಗತ್ತೆ."

"ನನಗೆ ಬಸ್ಸಿದೆಯಪ್ಪ. ಕೂರೋರು ನೀನು, ಅಪ್ಪ. ಅವರನ್ನ ಕೇಳು," ಎಂದು ಅವನು ಕೈತೊಳೆದುಕೊಂಡ.

ಮಾವನನ್ನು ಕೇಳಲೇಬೇಕಾಗಿತ್ತು. ನಾಲ್ಕು ತಿಂಗಳ ಹಿಂದೆ ಅವರ ಬಲಸೊಂಟದ ಕೀಲು ಬದಲಿಸಿದ್ದರು. ವಾರಕ್ಕೆ ಮೂರು ದಿನ ಸೊಸೆ ಕೆಲಸಕ್ಕೆ ಹೋಗುವಾಗ ಅವರನ್ನು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಗೆ ಬಿಟ್ಟು, ಬರುವಾಗ ಕರೆದುಕೊಂಡು ಬರುತ್ತಿದ್ದಳು. ತಗ್ಗಿನಲ್ಲಿ ಕೂರಬಾರದು, ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು ಎಂದು ಅಲ್ಲಿನ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರಿಂದ, ಅವರ ಕುರ್ಚಿಯ ಕಾಲಿಗೂ ಮಂಚದ ಕಾಲಿಗೂ ಮರದ ತುಂಡು ಕೊಟ್ಟು ಎತ್ತರಿಸಿದ್ದರು.

ಸೊಸೆ ವಿಷಯ ಹೇಳಿದಾಗ ಮಾವನ ಕಣ್ಣು ಅರಳಿತು. ಕಾರಿನ ಆಸೆ ಅವರಿಗಿರಲಿಲ್ಲ. ಸ್ಪ್ರಿಂಗು ಎಂಬ ಮಾತು ಕಿವಿಗೆ ಬಿದ್ದು ಬಹಳ ದಿನವಾಗಿತ್ತು.

"ಯಾರ ಹತ್ರ ತಗೊಳ್ತೀಯಮ್ಮ? ಸುಮ್ಮನೆ ಬಣ್ಣ ನೋಡಿ ತಗೋಬೇಡ. ತಂದು ತೋರಿಸು, ತೂಗಿ ನೋಡೋಣ."

ಮೆಕ್ಯಾನಿಕ್ ಮೂರು ಬಗೆ ತೋರಿಸಿದ. ಇಪ್ಪತ್ತು ಮಿಲಿಮೀಟರ್ ಇಳಿಸುವುದು, ನಲವತ್ತು ಇಳಿಸುವುದು, ಅರವತ್ತು ಇಳಿಸುವುದು. "ಅರವತ್ತು ಬೇಡ ಅಕ್ಕ, ಅದು ನಿಲ್ಲಿಸಿ ಫೋಟೋ ತೆಗೆಯೋ ಗಾಡಿಗೆ," ಎಂದು ಮೂರನೆಯದನ್ನು ತಾನೇ ಪಕ್ಕಕ್ಕೆ ಸರಿಸಿದ. "ಇರೋದನ್ನೇ ಕತ್ತರಿಸಿ ಗಿಡ್ಡ ಮಾಡ್ಕೊಡ್ತೀವಿ ಅನ್ನೋರೂ ಸಿಗ್ತಾರೆ. ಅವರ ಹತ್ರ ಮಾತ್ರ ಹೋಗ್ಬೇಡಿ. ದಿನಾ ಓಡೋ ಕಾರು, ಜನ ಕೂರೋ ಕಾರು." ಉಳಿದ ಎರಡು ಜೊತೆಗಳನ್ನು, ಬೇಡವಾದದ್ದು ವಾಪಸ್ಸು ತರುವ ಕರಾರಿನ ಮೇಲೆ, ಡಿಕ್ಕಿಗೆ ಹಾಕಿಕೊಟ್ಟ.

ಹಿಂದಿನ ಕೋಣೆಯಲ್ಲಿ ಮಾವನ ಹಳೆಯ ಸಾಮಾನು ಹಾಗೇ ಇತ್ತು. ಒಂದು ಹಲಗೆಯ ತೂಕದ ಯಂತ್ರ, ಅದರ ಮೇಲೆ ಕೈಯಿಂದ ತಿರುಗಿಸಿ ಒತ್ತುವ ಕಬ್ಬಿಣದ ತಿರುಪು. ಭಾನುವಾರ ಬೆಳಿಗ್ಗೆ ಮಾವ ಎತ್ತರದ ಸ್ಟೂಲಿನ ಮೇಲೆ ಕೂತು, ಒಂದೊಂದೇ ಸ್ಪ್ರಿಂಗನ್ನು ಯಂತ್ರದ ಮೇಲೆ ನಿಲ್ಲಿಸಿ, ಸೊಸೆಯ ಕೈಲಿ ತಿರುಪು ತಿರುಗಿಸಿದರು. ಎರಡು ಸೆಂಟಿಮೀಟರ್ ಕುಗ್ಗಿಸಿದರೆ ಎಷ್ಟು ಕಿಲೋ ಎದುರು ಒತ್ತುತ್ತದೆ ಎಂಬುದು ಲೆಕ್ಕ. ಇಪ್ಪತ್ತರ ಸ್ಪ್ರಿಂಗಿಗೆ ಮುಳ್ಳು ಐವತ್ತನಾಲ್ಕಕ್ಕೆ ನಿಂತಿತು, ನಲವತ್ತರದ್ದಕ್ಕೆ ಅರವತ್ತೆರಡಕ್ಕೆ. ಎಡದ್ದಕ್ಕೂ ಬಲದ್ದಕ್ಕೂ ಅರ್ಧ ಕಿಲೋದಷ್ಟೂ ವ್ಯತ್ಯಾಸವಿರಲಿಲ್ಲ.

"ಎರಡೂ ಮರ್ಯಾದಸ್ಥ ಸ್ಪ್ರಿಂಗೇ," ಎಂದರು ಮಾವ. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. "ನಲವತ್ತರದ್ದು ಬಿಗಿ. ಹಳ್ಳ ದಿಣ್ಣೆ ಎಲ್ಲ ಗೊತ್ತಾಗತ್ತೆ."

"ನಿಮಗೆ ಕುಲುಕಾಟ ಜಾಸ್ತಿ ಆಗತ್ತಾ ಮಾವ? ಆಗೋದಾದ್ರೆ ಇಪ್ಪತ್ತರದ್ದೇ ಹಾಕಿಸ್ತೀನಿ."

ಕೇಳುವಾಗ ಅವಳ ಕೈ ನಲವತ್ತರ ಸ್ಪ್ರಿಂಗಿನ ಮೇಲಿತ್ತು. ಬೆರಳು ಅದರ ಸುರುಳಿಯನ್ನೇ ಮೇಲಿನಿಂದ ಕೆಳಕ್ಕೆ ಸವರುತ್ತಿತ್ತು. ಮಾವ ಆ ಕೈಯನ್ನು ನೋಡಿದರು, ಅವಳ ಮುಖವನ್ನೂ ನೋಡಿದರು.

"ಕುಲುಕಾಟ ಏನೂ ಇಲ್ಲ. ನಲವತ್ತರದ್ದೇ ಹಾಕ್ಸು. ನನಗೆಲ್ಲ ಒಂದೇ."

ಅವಳು ಯೋಚಿಸಿದ್ದು ಕುಲುಕಾಟವನ್ನು. ಸೀಟೂ ನಾಲ್ಕು ಸೆಂಟಿಮೀಟರ್ ಕೆಳಗಿಳಿಯುತ್ತದೆ ಎಂಬುದು ಅವಳ ತಲೆಗೆ ಬರಲೇ ಇಲ್ಲ. ಮಾವನಿಗೆ ಬಂದಿತ್ತು.

ಸ್ಪ್ರಿಂಗು ಹಾಕಿಸಿ, ಚಕ್ರಗಳ ಅಲೈನ್‌ಮೆಂಟ್ ಸರಿಮಾಡಿಸಿ ತಂದ ದಿನ ಸೊಸೆ ಕಾಲುವೆ ರಸ್ತೆಯಲ್ಲಿ ಹೋಗಿ ಬಂದಳು, ಮತ್ತೆ ಹೋಗಿ ಬಂದಳು. ಕಾರು ಹೇಳಿದ ಮಾತು ಕೇಳುತ್ತಿತ್ತು. ಸ್ಟೇರಿಂಗು ಎಷ್ಟು ತಿರುಗಿಸಿದರೆ ಅಷ್ಟೇ. ಕಾರ್ಖಾನೆಯಲ್ಲಿ ಅವತ್ತು ಅವಳು ಉಜ್ಜಿದ ಗಾಜಿನಲ್ಲಿ ಒಂದೂ ವಾಪಸ್ಸು ಬರಲಿಲ್ಲ.

ಮಾವ ಮಾತ್ರ ಒಂದು ಹೊಸ ಅಭ್ಯಾಸ ಹಚ್ಚಿಕೊಂಡರು. ಮೊದಲೆಲ್ಲ ಆಸ್ಪತ್ರೆಯ ಗೇಟಿನ ಮುಂದೆಯೇ ಇಳಿಯುತ್ತಿದ್ದವರು ಈಗ, "ಇಲ್ಲಿ ಬೇಡಮ್ಮ, ಇನ್ನೂ ಮುಂದೆ ಬಿಡು, ನಾಲ್ಕು ಹೆಜ್ಜೆ ನಡೆದ ಹಾಗಾಗತ್ತೆ," ಎಂದು ಔಷಧಿ ಅಂಗಡಿ ದಾಟಿಸಿ ನಿಲ್ಲಿಸುತ್ತಿದ್ದರು. ಅಲ್ಲಿ ಫುಟ್‌ಪಾತ್ ಮುಗಿದು ಮಣ್ಣು ಒಂದು ಗೇಣಿನಷ್ಟು ತಗ್ಗಾಗಿತ್ತು. ಬಾಗಿಲು ತೆಗೆದು, ಎರಡೂ ಕಾಲು ತಗ್ಗಿಗೆ ಇಳಿಬಿಟ್ಟು, ಕೋಲೂರಿ, ಬಾಗಿಲಿನ ಮೇಲಂಚು ಹಿಡಿದು ಏಳುತ್ತಿದ್ದರು. ಅವಳು ಬಂದು ಕೈ ಕೊಡಲು ಹೊರಟರೆ, "ನೀನು ಇಳೀಬೇಡ, ಹೊತ್ತಾಗತ್ತೆ," ಎನ್ನುತ್ತಿದ್ದರು. ನಡೆಯುವ ಹುಮ್ಮಸ್ಸು ಬಂದಿದೆಯಲ್ಲ ಎಂದು ಸೊಸೆಗೆ ಸಮಾಧಾನ. ಗಂಡನ ಹತ್ತಿರವೂ ಹೇಳಿಕೊಂಡು ಹಿಗ್ಗಿದಳು.

ಮೂರು ವಾರ ಕಳೆದ ಮೇಲೆ ಡಾಕ್ಟರಮ್ಮ ಫೋನು ಮಾಡಿ, ಬಿಡುವಾದಾಗ ಒಮ್ಮೆ ಒಳಗೆ ಬನ್ನಿ ಎಂದರು. ಮಾವ ಪಕ್ಕದ ಕೋಣೆಯಲ್ಲಿ ಕಂಬಿ ಹಿಡಿದು ಕಾಲೆತ್ತುವ ವ್ಯಾಯಾಮ ಮಾಡುತ್ತಿದ್ದರು.

"ಮನೆಯಲ್ಲಿ ಕುರ್ಚಿಗೆ ಕೊಟ್ಟಿದ್ದ ಮರದ ತುಂಡು ತೆಗೆದುಬಿಟ್ರಾ?" ಎಂದು ಕೇಳಿದರು ಡಾಕ್ಟರಮ್ಮ.

"ಇಲ್ವಲ್ಲ. ಹಾಗೇ ಇದೆ. ಯಾಕೆ?"

"ಹೊಸ ಸೋಫಾ ಏನಾದ್ರೂ?"

"ಇಲ್ಲ."

"ಮತ್ತೆ ಯಾವುದೋ ತಗ್ಗಿನಿಂದ ಪದೇ ಪದೇ ಎದ್ದೇಳ್ತಿದ್ದಾರೆ. ತಿಂಗಳ ಹಿಂದೆ ಚೆನ್ನಾಗಿತ್ತು. ಈಗ ಸೊಂಟದ ಸುತ್ತ ಸ್ನಾಯುವೆಲ್ಲ ಬಿಗಿದುಕೊಂಡಿದೆ. ಕೇಳಿದ್ರೆ ಏನೂ ಇಲ್ಲ ಅಂತಾರೆ. ಕೀಲು ಜರುಗಿಬಿಟ್ರೆ ಕಷ್ಟ, ನೋಡಿಕೊಳ್ಳಿ."

ಸೊಸೆ ಕಿಟಕಿಯಿಂದ ಕೆಳಗೆ ನೋಡಿದಳು. ಕಾರು ನೆಲಕ್ಕೆ ಅಂಟಿಕೊಂಡ ಹಾಗೆ ಅಚ್ಚುಕಟ್ಟಾಗಿ ನಿಂತಿತ್ತು. ಪಕ್ಕದಲ್ಲಿ ಯಾರೋ ಹೆಂಗಸು ತನ್ನ ಕಾರಿನಿಂದ ಇಳಿದು ನಡೆದುಹೋದಳು, ಏಳುವುದಕ್ಕೆ ಒಂದು ಕ್ಷಣವೂ ಹಿಡಿಯಲಿಲ್ಲ. ಕಾಲು ಇಳಿಬಿಟ್ಟರೆ ಸೀಟು ಎತ್ತರವಾಗುವ ಆ ತಗ್ಗಿನ ಮಣ್ಣು, ಬಾಗಿಲಿನ ಮೇಲಂಚು, ನೀನು ಇಳೀಬೇಡ ಎಂಬ ಮಾತು ಎಲ್ಲ ಅವಳಿಗೆ ಒಟ್ಟಿಗೇ ಅರ್ಥವಾಯಿತು. ಮನೆಯ ಮುಂದೆ ಅಂಥ ತಗ್ಗೂ ಇರಲಿಲ್ಲ.

ವ್ಯಾಯಾಮ ಮುಗಿಸಿ ಬಂದ ಮಾವನನ್ನು ಅವಳು ಕಾರಿನ ಹತ್ತಿರ ಕರೆದುಕೊಂಡು ಬಂದಳು. ಬಾಗಿಲು ತೆಗೆಯಲಿಲ್ಲ. ಗೇಟಿನ ಒಳಗೆ ಗಿಡದ ಕಟ್ಟೆಯೊಂದಿತ್ತು, ಎತ್ತರದ್ದು. ಅದರ ಮೇಲೆ ಅವರನ್ನು ಕೂರಿಸಿ, ತಾನು ಎದುರಿಗೆ ನಿಂತಳು.

"ಯಾಕೆ ಹೇಳಲಿಲ್ಲ ಮಾವ?"

ಮಾವ ಕೋಲಿನ ತುದಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತ ಕೂತರು. ಏನನ್ನು ಎಂದು ಕೇಳಲಿಲ್ಲ.

"ನಾಲ್ಕು ತಿಂಗಳಿಂದ ನನ್ನನ್ನ ಕರ್ಕೊಂಡು ತಿರುಗ್ತಿದ್ದೀಯ. ಕೆಲಸಕ್ಕೆ ತಡ ಆದ್ರೂ ಮುಖ ಗಂಟಿಕ್ಕಲಿಲ್ಲ. ಇಷ್ಟು ವರ್ಷದಲ್ಲಿ ನಿನಗೇ ಅಂತ ಒಂದು ಆಸೆಪಟ್ಟು ಕೇಳಿದ್ದು ಇದು. ಆ ಸ್ಪ್ರಿಂಗನ್ನ ಕೈಲಿ ಹಿಡ್ಕೊಂಡಿದ್ಯಲ್ಲ, ಬೇಡ ಅನ್ನೋಕೆ ಬಾಯಿ ಬರಲಿಲ್ಲ. ನಾಲ್ಕು ಸೆಂಟಿಮೀಟರ್ ತಾನೇ, ತಡ್ಕೊಂಡ್ರಾಯ್ತು ಅಂದ್ಕೊಂಡೆ."

ಸೊಸೆಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು.

"ನೋವಾದ್ರೆ ಮನೆಯೋರ ಹತ್ರ ಹೇಳ್ಕೋತಾರೆ. ನೆಂಟರ ಮನೆಗೆ ಹೋದಾಗ ಮುಚ್ಚಿಟ್ಕೋತಾರೆ, ಅಯ್ಯೋ ಅವರಿಗೆ ತೊಂದರೆ ಯಾಕೆ ಅಂತ. ಹನ್ನೊಂದು ವರ್ಷ ಆಯ್ತು ನಾನು ಬಂದು. ಇನ್ನೂ ನಾನು ನಿಮಗೆ ನೆಂಟಳಾ ಮಾವ?"

ಅವಳು ಮಾವನ ಎದುರು ದನಿ ಎತ್ತಿದ್ದು ಅದೇ ಮೊದಲು, ಎತ್ತಿದ್ದೂ ಅಷ್ಟೇನಲ್ಲ. ಆದರೂ ಮಾವನ ಕೋಲು ನಿಂತುಹೋಯಿತು. ಹೊರಗೆ ಒಂದು ಲಾರಿ ಹಿಂದಕ್ಕೆ ಬರುತ್ತ ಕೂಗಿಕೊಂಡಿತು, ಸುಮ್ಮನಾಯಿತು.

"ತಪ್ಪಾಯ್ತಮ್ಮ," ಎಂದರು ಕೊನೆಗೆ. "ನೋವಿದೆ. ಕೂರೋವಾಗ ಅಷ್ಟಿಲ್ಲ, ಏಳೋವಾಗ ಜೀವ ಬಾಯಿಗೆ ಬರತ್ತೆ."

"ನಾಳೆನೇ ಹಳೇ ಸ್ಪ್ರಿಂಗು ವಾಪಸ್ಸು ಹಾಕಿಸ್ತೀನಿ."

"ಹಾಕಿಸಿದ್ರೆ ನಾನು ಬಸ್ಸಲ್ಲಿ ಹೋಗ್ತೀನಿ."

"ಬಸ್ಸಿನ ಮೆಟ್ಟಿಲು ಹತ್ತೋಕೆ ಆಗತ್ತಾ?"

"ಆಗಲ್ಲ," ಎಂದು ಮಾವ ಒಪ್ಪಿಕೊಂಡರು. ಇಬ್ಬರಿಗೂ ಸ್ವಲ್ಪ ನಗು ಬಂತು. "ಈಗ ಆ ಕಾರಲ್ಲಿ ಕೂರೋದಕ್ಕೂ ಹೆದರಿಕೆ ಹತ್ಕೊಂಡಿದೆ. ಕೈ ಕೊಡು."

ಮನೆಗೆ ಬಂದ ಮೇಲೆ ಅಳತೆಯ ಟೇಪು ಹೊರಬಿತ್ತು. ಮಾವನ ಕುರ್ಚಿಯ ಎತ್ತರ ಐವತ್ತಮೂರು ಸೆಂಟಿಮೀಟರ್. ಕಾರಿನ ಸೀಟು ಮೊದಲು ಹೆಚ್ಚುಕಮ್ಮಿ ಅಷ್ಟೇ ಇದ್ದದ್ದು, ಈಗ ನಲವತ್ತೊಂಬತ್ತು. ಇಪ್ಪತ್ತರ ಸ್ಪ್ರಿಂಗು ಹಾಕಿದರೆ ಐವತ್ತೊಂದು. ಉಳಿದ ಎರಡಕ್ಕೆ ಏನು ಮಾಡುವುದು ಎಂದು ಇಬ್ಬರೂ ಸೀಟನ್ನೇ ದಿಟ್ಟಿಸುತ್ತ ನಿಂತಿದ್ದಾಗ, ಕೆಲಸದಿಂದ ಬಂದ ಗಂಡ ಚೀಲವನ್ನು ಭುಜದಿಂದ ಇಳಿಸದೆಯೇ, "ಒಂದು ದಿಂಬು ಹಾಕಿ," ಎಂದು ಹೇಳಿ ಒಳಗೆ ಹೋದ.

ಮೆತ್ತನೆಯ ದಿಂಬು ಮಾವನಿಗೆ ಒಗ್ಗುವಂಥದ್ದಲ್ಲ. ಕೂತರೆ ಕುಸಿಯುವ ದಿಂಬು ಮೋಸದ ತೂಕದ ಹಾಗೆ ಎಂದು ಬೈದುಕೊಂಡು, ಗಟ್ಟಿ ಫೋಮಿನ ಹಲಗೆ ತರಿಸಿ, ತಾವೇ ಗರಗಸದಿಂದ ಕೊಯ್ದು, ತಾವು ಕೂತ ಮೇಲೂ ಎರಡು ಸೆಂಟಿಮೀಟರ್ ಉಳಿಯುವ ಹಾಗೆ ಮೂರು ಸಲ ಪರೀಕ್ಷೆ ಮಾಡಿದರು. ಸೊಸೆ ಅದಕ್ಕೆ ಜಾರದಂಥ ದಪ್ಪ ಬಟ್ಟೆಯ ಗವಸು ಹೊಲಿದಳು.

ಮೆಕ್ಯಾನಿಕ್ ಇಪ್ಪತ್ತರ ಜೊತೆಯನ್ನು ಇನ್ನೂ ಯಾರಿಗೂ ಮಾರಿರಲಿಲ್ಲ. ಬದಲಿಸುವ ದಿನ ಮಾವ ತಾವೂ ಹೋಗಿ, ಎತ್ತರದ ಡ್ರಮ್ಮಿನ ಮೇಲೆ ಕೂತು, ಒಂದೊಂದು ನಟ್ಟು ಬಿಗಿಯುವುದನ್ನೂ ನೋಡಿದರು. ಮೆಕ್ಯಾನಿಕ್ ಅವರು ಆಚೆ ನೋಡುತ್ತಿದ್ದಾಗ ಸೊಸೆಯ ಹತ್ತಿರ ಬಂದು, "ನಿಮ್ಮ ಮಾವನೋರು ಮುಂದಿನ ವಾರಾನೂ ಬರ್ತಾರಾ ಅಕ್ಕ?" ಎಂದು ಮೆಲ್ಲಗೆ ವಿಚಾರಿಸಿಕೊಂಡ.

ಕಾರು ತಿರುವಿನಲ್ಲಿ ಈಗಲೂ ಚೆನ್ನಾಗಿಯೇ ಹೋಗುತ್ತಿತ್ತು. ನಲವತ್ತರಷ್ಟು ಅಲ್ಲ. ಒಬ್ಬಳೇ ಹೋಗುವ ದಿನ, ಕಾಲುವೆಯ ಕೊನೆಯ ತಿರುವಿನಲ್ಲಿ ಸೊಸೆಗೆ ಆ ಕೊರತೆ ಗೊತ್ತಾಗುತ್ತಿತ್ತು, ಸ್ವಲ್ಪ ಬೇಸರವೂ ಆಗುತ್ತಿತ್ತು. ಮಾವ ಜೊತೆಗಿದ್ದ ದಿನ ಆಸ್ಪತ್ರೆಯ ಗೇಟು ಬರುವಷ್ಟರಲ್ಲಿ ಅದು ನೆನಪಿರುತ್ತಿರಲಿಲ್ಲ, ಏಕೆಂದರೆ ಮಾವ ಈಗ ಎಲ್ಲ ಹೇಳತೊಡಗಿದ್ದರು. ರಸ್ತೆ ಸೇತುವೆಗೆ ಸೇರುವ ಕಡೆ ಬಲಸೊಂಟ ಚುಚ್ಚುತ್ತದೆ. ಎಡಬಾಗಿಲು ಕಿರ್ ಅನ್ನುತ್ತದೆ. ಬ್ರೇಕನ್ನು ಅಷ್ಟು ಒಮ್ಮೆಗೇ ಒತ್ತಬಾರದು. ನಿನ್ನೆಯ ಸಾರಿಗೆ ಉಪ್ಪು ಕಡಿಮೆಯಿತ್ತು, ಅವತ್ತು ಹೇಳಲಿಲ್ಲ.

"ಮೊದಲೇ ಚೆನ್ನಾಗಿತ್ತು ಮಾವ," ಎಂದಳು ಸೊಸೆ ಒಂದು ದಿನ.

"ನೀನೇ ತಾನೇ ಮನೆಯೋಳು ಅಂದಿದ್ದು. ಅನುಭವಿಸು," ಎಂದರು ಮಾವ ಕಿಟಕಿಯ ಕಡೆ ಮುಖ ಮಾಡಿಕೊಂಡು.

ತೆಗೆದಿಟ್ಟ ನಲವತ್ತರ ಜೊತೆಯನ್ನು ಕೊಳ್ಳುವುದಕ್ಕೆ ಆ ತಿಂಗಳು ಒಬ್ಬ ಫೋಟೋಗ್ರಾಫರ್ ಬಂದ. ನಡುವಯಸ್ಸಿನವನು, ಸಾಧು. ಸೊಸೆ ಸ್ಪ್ರಿಂಗು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮಾವ ಅವನನ್ನು ಎತ್ತರದ ಕುರ್ಚಿಯಿಂದ ವಿಚಾರಣೆ ಮಾಡುತ್ತಿದ್ದರು.

"ನಿಮ್ಮ ಕಾರಲ್ಲಿ ದಿನಾ ಯಾರ್ಯಾರು ಕೂರ್ತಾರೆ?"

"ನಾನೊಬ್ಬನೇ ಸಾರ್. ಪಕ್ಕದಲ್ಲಿ ಕ್ಯಾಮೆರಾ ಚೀಲ."

"ತಂದೆತಾಯಿ?"

"ಅಣ್ಣನ ಮನೆಯಲ್ಲಿದ್ದಾರೆ. ಭಾನುವಾರ ಒಂದೊಂದು ಸಲ ಅಮ್ಮನ್ನ ಕರ್ಕೊಂಡು ಹೋಗ್ತೀನಿ."

"ಅಮ್ಮನ ಮಂಡಿ ಹೇಗಿದೆ?"

ಫೋಟೋಗ್ರಾಫರ್ ಸೊಸೆಯ ಮುಖ ನೋಡಿದ. ಸೊಸೆ ಸ್ಪ್ರಿಂಗುಗಳನ್ನು ನೆಲದ ಮೇಲಿಟ್ಟು, ತಾನೂ ಉತ್ತರಕ್ಕೆ ಕಾಯುತ್ತ ನಿಂತಳು.

"ನಿಜ ಹೇಳ್ಬೇಕಂದ್ರೆ, ನಾನು ಕೇಳೇ ಇಲ್ಲ ಸಾರ್," ಎಂದ ಅವನು.

"ಕೇಳ್ಕೊಂಡು ಬನ್ನಿ. ಸ್ಪ್ರಿಂಗು ಎಲ್ಲಿಗೂ ಹೋಗಲ್ಲ," ಎಂದರು ಮಾವ.