ಬ್ಯಾಕ್‌ಗ್ಯಾಮನ್ನಿಗೆ ಅತ್ತೆಯ ಕಾನೂನು

೧೯೯೯ರಲ್ಲಿ ಜಯನಗರಕ್ಕೆಲ್ಲ ಗ್ರಾನೈಟಿನ ಹುಚ್ಚು. ನಮ್ಮವರಿಗೂ ಹಿಡಿಯಿತು. ನಮ್ಮವರೆಂದರೆ ಇಂಗ್ಲಿಷ್ ಮೇಷ್ಟ್ರಾಗಿ ರಿಟೈರಾದ ತಿರುಮಲೇಶ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಸೋಮವಾರ ಗಾರೆ ಕೆಲಸದ ಮಾರಯ್ಯ ಬಂದು ವರಾಂಡದ ಕೆಂಪು ಗಾರೆಯ ಮೇಲೆ ಕಲ್ಲು ಹಾಸುತ್ತಾನೆ ಎಂದರು.

ಆ ಗಾರೆ ಹಸಿಯಾಗಿದ್ದಾಗಲೇ ನಮ್ಮತ್ತೆ ಅಂಜನಮ್ಮ ಮೂಲೆಯಲ್ಲಿ ಮೊಳೆಯಿಂದ ಚೌಕಾಬಾರದ ಮನೆ ಗೀರಿದ್ದರು. ಮದುವೆಯಾಗಿ ಬಂದಾಗ ಈ ಊರಲ್ಲಿ ನನಗೆ ಯಾರೂ ಇರಲಿಲ್ಲ. ಅಲ್ಲಿ ಕವಡೆ ಎಸೆಯುತ್ತಲೇ ಅತ್ತೆ ನನಗೆ ಗೆಳತಿಯಾದದ್ದು. ಅದು ಕಲ್ಲಿನಡಿ ಹೋಗುತ್ತದೆಂದರೆ ಅಳುವೇ ಬಂತು. ಅತ್ತರೆ ಇವರು ಕರಗುವುದಿಲ್ಲ, ಅದಕ್ಕೇ ಜಗಳ ತೆಗೆದೆ.

"ಸರಿ, ಪಂದ್ಯ ಕಟ್ಟೋಣ. ನೀನು ಗೆದ್ರೆ ಆ ಮೂಲೆ ಹಾಗೇ ಇರ್ಲಿ," ಎಂದು ಬೀಳ್ಕೊಡುಗೆಗೆ ಬಂದಿದ್ದ ಬ್ಯಾಕ್‌ಗ್ಯಾಮನ್ ಪೆಟ್ಟಿಗೆ ಬಿಚ್ಚಿದರು.

ಮೊದಲು ಪಾಠ. "ಬ್ಯಾಕ್ ಅಂದ್ರೆ ಹಿಂದೆ. ಗ್ಯಾಮನ್ ಅಂದ್ರೆ ಹಳೇ ಇಂಗ್ಲಿಷಲ್ಲಿ ಆಟ. ಒಂಟಿ ಕಾಯಿಗೆ ಏಟು ಬಿದ್ರೆ ಅದು ಹಿಂದಕ್ಕೆ ಹೋಗಿ ಮೊದಲಿಂದ ಬರ್ಬೇಕು. ಅದಕ್ಕೇ ಈ ಹೆಸರು ಅಂತಾರೆ. ಜೋಡಿ ಕಾಯಿ ಕೂತಿರೋ ಜಾಗಕ್ಕೆ ಮಾತ್ರ ಎದುರಾಳಿ ಕಾಲಿಡೋ ಹಾಗಿಲ್ಲ. ಹದಿನೈದೂ ಕಾಯಿ ಮನೆ ಸುತ್ತಿ ಹೊರಗೆ ತೆಗೆದವರು ಗೆದ್ದಂಗೆ."

ಇದೂ ನಮ್ಮ ಆಟದ ಹಾಗೇ ಇದೆಯಲ್ಲ ಅಂದುಕೊಂಡೆ. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ. ಇಲ್ಲೂ ಹಾಗೇ ಇರಬೇಕು ಅಂದುಕೊಂಡು ನಾನು ಕೇಳಲೇ ಇಲ್ಲ.

ಇವರು ದಾಳ ಹಾಕಿದ್ದೇ ಓಡಿದರು. ನಾನು ಹನ್ನೆರಡು ಕಾಯನ್ನು ನನ್ನ ಮನೆಯ ಆರು ಸ್ಥಳದಲ್ಲೂ ಜೋಡಿ ಜೋಡಿಯಾಗಿ ಕೂರಿಸಿದೆ. ಮಿಕ್ಕ ಮೂರು ಇವರ ಮನೆಯಲ್ಲೇ ಕಾದು ಕುಳಿತವು. ಹೊಡೆಯದೆ ಹೊರಡುವುದು ಹೇಗೆ?

"ಏನೇ, ನಮ್ಮನೇಲೇ ಬಿಡಾರ ಹೂಡಿದ್ಯಲ್ಲ!" ಎಂದು ಜಂಬದ ಕೋಳಿ ನಕ್ಕಿತು. ಎಂಟು ಕಾಯಿ ಆಗಲೇ ಹೊರಗಿಟ್ಟಾಗಿತ್ತು.

ಆಮೇಲೆ ಇವರಿಗೆ ಐದು-ನಾಲ್ಕು ಬಿತ್ತು. ಒಂದು ಕಾಯಿ ಒಂಟಿಯಾಯಿತು. ನಾನು ದಾಳ ಎಸೆದು ಹೊಡೆದೇಬಿಟ್ಟೆ. ಅದು ಮತ್ತೆ ನನ್ನ ಮನೆಯ ಮೂಲಕವೇ ಒಳಗೆ ಬರಬೇಕು. ಅಲ್ಲಿ ಆರೂ ಬಾಗಿಲು ಮುಚ್ಚಿವೆ. ಇವರು ಬಾಯಿ ಬಿಟ್ಟುಕೊಂಡು ಕೂತರು. ನಾನು ನಿಧಾನವಾಗಿ ಎಲ್ಲ ಕಾಯನ್ನೂ ತಂದು, ಹೊರಗೆ ತೆಗೆದು ಗೆದ್ದೆ.

"ಅಷ್ಟೊತ್ತು ಅಲ್ಲೇ ಯಾಕೆ ಕೂತಿದ್ದೆ?"

"ಹೊಡೀದೆ ಮುಂದೆ ಹೋಗೋ ಹಾಗಿಲ್ವಲ್ಲ ರೀ."

ಹಣೆ ಚಚ್ಚಿಕೊಂಡರು. "ಈ ಆಟದಲ್ಲಿ ಆ ಕಾನೂನೇ ಇಲ್ಲ ಕಣೇ!"

"ಪಾಠ ಮಾಡಿದ್ದು ನೀವು. ಆಗ್ಲೇ ಹೇಳ್ಬೇಕಿತ್ತು."

ರಾತ್ರಿಯೆಲ್ಲ ಉರಿದುಕೊಂಡು, ಬೆಳಗ್ಗೆ ಎದ್ದವರೇ ಕವಡೆ ಹುಡುಕಿದರು. "ಬಾ, ನಿನ್ನ ಆಟದಲ್ಲೇ ನಿನ್ನ ಸೋಲಿಸ್ತೀನಿ."

ಸೋಮವಾರ ಮಾರಯ್ಯ ಕರಣೆ ಹಿಡಿದು ಬಂದಾಗ, ಇವರು ಆ ಮೂಲೆಯಲ್ಲೇ ಚಕ್ಕಂಬಕ್ಕಳ ಹಾಕಿ ಕುಳಿತಿದ್ದರು.

"ಏಳ್ತೀರಾ ಸಾರ್? ಕೆಲ್ಸ ಶುರು ಮಾಡ್ಬೇಕು."

"ಆ ಕಡೆಯಿಂದ ಶುರು ಮಾಡಯ್ಯ, ಈ ಮೂಲೆ ಮುಟ್ಬೇಡ," ಎಂದರು ಇವರು, ತಲೆ ಎತ್ತದೆ. "ಎರಡು ದಿನದಿಂದ ಇವಳದ್ದು ಒಂದು ಕಾಯೂ ಹೊಡೆಯಕ್ಕಾಗಿಲ್ಲ. ನಾನಿನ್ನೂ ಒಳಕ್ಕೇ ಹೋಗಿಲ್ಲ."